ನಿಜ ಹೇಳಿದವರಿಗೆ ಬೌಲಿಂಗ್ ಅಂಕಣದ ಲೆಕ್ಕ

ವೀಕ್ಷಕರೇ, ಶಾಸಕರ ಸಮಿತಿಯೊಂದು ಸರ್ಕಾರಿ ನೌಕರನನ್ನು ಕರೆದು, ಈ ಯೋಜನೆಗೆ ನಿಜವಾಗಿ ಎಷ್ಟು ಖರ್ಚಾಗುತ್ತೆ ಅಂತ ಕೇಳಿದರೆ ಆತ ಏನು ಮಾಡಬೇಕು? ಮೇಲಧಿಕಾರಿಯ ಮುಖ ನೋಡಬೇಕಾ, ಕಡತದಲ್ಲಿರುವ ಅಂಕಿ ನೋಡಬೇಕಾ?

1968ರ ನವೆಂಬರ್ 13. ಅಮೆರಿಕದ ವಾಷಿಂಗ್ಟನ್. ಅರ್ನೆಸ್ಟ್ ಫಿಟ್ಜ್‌ಜೆರಾಲ್ಡ್ ವಾಯುಪಡೆಯ ಖರ್ಚುವೆಚ್ಚ ನೋಡಿಕೊಳ್ಳುತ್ತಿದ್ದ ನಾಗರಿಕ ಅಧಿಕಾರಿ. ಲಾಕ್‌ಹೀಡ್ ಕಂಪನಿ ತಯಾರಿಸುತ್ತಿದ್ದ ಸಿ-5ಎ ಎಂಬ ದೈತ್ಯ ಸಾಗಣೆ ವಿಮಾನದ ಖರ್ಚು ಅಂದಾಜಿಗಿಂತ 200 ಕೋಟಿ ಡಾಲರ್ ಮೀರುತ್ತಾ ಅಂತ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಕೇಳಿದರು. ಹೆಚ್ಚುಕಡಿಮೆ ಅಷ್ಟಾಗಬಹುದು ಅಂತ ಇವರು ಒಪ್ಪಿಕೊಂಡರು. ಅಷ್ಟೇ.

ಎರಡು ವಾರ ಕಳೆಯುವುದರೊಳಗೆ ಅವರ ಕೆಲಸದ ಕಾಯಮಾತಿ ರದ್ದಾಯಿತು. ಕಾರಣ? ಕಂಪ್ಯೂಟರ್ ತಪ್ಪಂತೆ! ಯುದ್ಧವಿಮಾನಗಳ ಲೆಕ್ಕ ನೋಡುತ್ತಿದ್ದವರಿಗೆ ಥಾಯ್ಲೆಂಡಿನ ಬೌಲಿಂಗ್ ಅಂಕಣಗಳ ಖರ್ಚು ನೋಡುವ ಕೆಲಸ ಬಂತು. (ನಮ್ಮ ಕ್ರಿಕೆಟ್ ಬೌಲಿಂಗ್ ಅಲ್ಲ ಸ್ವಾಮಿ, ಚೆಂಡು ಉರುಳಿಸಿ ಪಿನ್ನು ಬೀಳಿಸುವ ಆಟ.) ವರ್ಷ ತುಂಬುವ ಹೊತ್ತಿಗೆ, ಮಿತವ್ಯಯದ ಹೆಸರಿನಲ್ಲಿ ಅವರ ಹುದ್ದೆಯನ್ನೇ ತೆಗೆದುಹಾಕಿದರು. ಪೋಲು ಹಿಡಿದುಕೊಟ್ಟವರ ಹುದ್ದೆ, ಮಿತವ್ಯಯಕ್ಕೆ ಬಲಿ!

ಹಾಗಾದರೆ ರಕ್ಷಣೆ ಕೊಡುವ ಕಾನೂನು ಇರಲಿಲ್ವಾ? ಇತ್ತು. ಅದಕ್ಕೂ ಒಂದು ಕಥೆ ಇದೆ. 1902ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ನೌಕರರು ಸಂಬಳದಂಥ ವಿಚಾರಕ್ಕೆ ನೇರವಾಗಿ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಹೋದರೆ ವಜಾ ಅಂದಿದ್ದರು. 1909ರಲ್ಲಿ ಟಾಫ್ಟ್ ಇನ್ನೂ ಬಿಗಿ ಮಾಡಿದರು: ಸಂಸತ್ತೇ ಕೇಳಿದರೂ ಇಲಾಖಾ ಮುಖ್ಯಸ್ಥರ ಅನುಮತಿ ಇಲ್ಲದೆ ಮಾಹಿತಿ ಕೊಡುವಂತಿಲ್ಲ. ಅಂಚೆ ನೌಕರರು ಸಿಡಿದೆದ್ದರು. ವಿಸ್ಕಾನ್ಸಿನ್‌ನ ಸೆನೆಟರ್ ಲಾ ಫಾಲೆಟ್ ಅವರ ಬೆನ್ನಿಗೆ ನಿಂತರು. 1912ರಲ್ಲಿ ಕಾಯ್ದೆ ಆಯ್ತು: ಸಂಸತ್ತಿಗೆ, ಅದರ ಸಮಿತಿಗಳಿಗೆ ಮಾಹಿತಿ ಕೊಡುವ ನೌಕರನ ಹಕ್ಕಿಗೆ ಅಡ್ಡಿ ಮಾಡುವಂತಿಲ್ಲ. ಆದರೆ ಅಡ್ಡಿ ಮಾಡಿದವರಿಗೆ ಏನು ಶಿಕ್ಷೆ? ಆ ಸಾಲಿನಲ್ಲಿ ಅದು ಇರಲಿಲ್ಲ. ಪ್ರಾಕ್ಸ್‌ಮೈರ್ ಕೂಡ ಅದೇ ವಿಸ್ಕಾನ್ಸಿನ್‌ನವರು, ನೋಡಿ.

ನಮ್ಮಲ್ಲಿ ಲೋಕಸಭೆಯ ಸಮಿತಿಗಳು ಬಾಗಿಲು ಮುಚ್ಚಿಯೇ ಕೂರುತ್ತವೆ. ಲೆಕ್ಕಪತ್ರ ಸಮಿತಿಯ ಮುಂದೆ ಉತ್ತರ ಹೇಳುವವರು ಕಾರ್ಯದರ್ಶಿಗಳು, ಮಂತ್ರಿಗಳಲ್ಲ. ಅಲ್ಲಿ ಯಾರ ಧ್ವನಿ ಎಲ್ಲಿ ನಡುಗಿತು ಅನ್ನೋದು ನಮ್ಮ ಕ್ಯಾಮೆರಾಗಳಿಗೂ ಕಾಣಲ್ಲ.

ಫಿಟ್ಜ್‌ಜೆರಾಲ್ಡ್ ಸುಮ್ಮನಾಗಲಿಲ್ಲ. 1973ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಪತ್ರಿಕಾಗೋಷ್ಠಿಯಲ್ಲಿ, ಅವರನ್ನು ತೆಗೆಯುವ ನಿರ್ಧಾರ ನನ್ನದೇ ಅಂದುಬಿಟ್ಟರು. ಮರುದಿನ ಶ್ವೇತಭವನ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸಿವಿಲ್ ಸರ್ವೀಸ್ ಆಯೋಗ, ತೆಗೆದದ್ದು ತಪ್ಪು, ಮತ್ತೆ ಸೇರಿಸಿಕೊಳ್ಳಿ ಎಂದಿತು. ಹಳೆಯ ಕುರ್ಚಿಗಾಗಿ ಮಾತ್ರ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು. 1982ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು: ಅಧ್ಯಕ್ಷರಾಗಿ ಮಾಡಿದ ಕೆಲಸಕ್ಕೆ ನಿಕ್ಸನ್ ಪರಿಹಾರ ಕೊಡಬೇಕಿಲ್ಲ. ಆದರೂ ಅದಕ್ಕೆ ಮೊದಲೇ ಆದ ಒಪ್ಪಂದದ ಪ್ರಕಾರ ನಿಕ್ಸನ್ 1,42,000 ಡಾಲರ್ ತೆತ್ತಿದ್ದರು.

1912ರ ಸಾಲು ಇಂದಿಗೂ ಪುಸ್ತಕದಲ್ಲಿದೆ. ಅದರ ಜೊತೆಗೆ ಅಲ್ಲಿನ ಬಜೆಟ್ ಕಾಯ್ದೆಗಳಲ್ಲಿ ಇನ್ನೊಂದು ಸಾಲು ಸೇರಿಸುತ್ತಾ ಬಂದಿದ್ದಾರೆ: ನೌಕರ ಸಂಸತ್ತಿನ ಜೊತೆ ಮಾತಾಡದಂತೆ ತಡೆದ ಅಧಿಕಾರಿಯ ಸಂಬಳಕ್ಕೆ ಈ ಹಣ ಬಳಸುವಂತಿಲ್ಲ.