ಕಾರಾ ಸಮುದ್ರದ ಹಿಮ ಮತ್ತು ಮೂಸಿಯ ನೆರೆ

ಹೈದರಾಬಾದಿನ ಕಾಚಿಗೂಡ ರೈಲು ನಿಲ್ದಾಣದಿಂದ ಚಾದರ್‌ಘಾಟ್ ದೂರವಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ದಡಗಳಲ್ಲಿ ಸುಮಾರು 15,000 ಜನ ಸತ್ತರು. ಮರುವರ್ಷ ನಿಜಾಮರ ಕರೆಗೆ ಓಗೊಟ್ಟು ಬಂದ ಎಂ. ವಿಶ್ವೇಶ್ವರಯ್ಯನವರು ಕಾರಣ ಹುಡುಕುತ್ತ ನದಿಯ ಮೇಲ್ಭಾಗಕ್ಕೆ ಹೋದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ಜಲಾನಯನ ಪ್ರದೇಶದ 788 ಕೆರೆಗಳಲ್ಲಿ 221 ಒಡೆದಿದ್ದವು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಹುಟ್ಟಿದ್ದು ಆ ಪರಿಶೀಲನೆಯಿಂದ.

ಇಂದು ಅದೇ ಪ್ರಶ್ನೆ ಕೇಳುವವರು ಇನ್ನೂ ಮೇಲಕ್ಕೆ, ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದವರೆಗೆ, ನೋಡಬೇಕಾಗಿದೆ. 1979ರಿಂದೀಚೆಗೆ ಈ ಸಮುದ್ರವನ್ನೊಳಗೊಂಡ ಆರ್ಕ್‌ಟಿಕ್ ಪ್ರದೇಶ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಅದರ ಬಿಸಿ ತಟ್ಟಿದವರಲ್ಲಿ ಕಾರಾ ದಡದ ಯಮಾಲ್ ಪರ್ಯಾಯದ್ವೀಪದ ನೆನೆಟ್ಸ್ ಜನರೂ ಇದ್ದಾರೆ. ಹಿಮಸಾರಂಗ ಸಾಕಣೆಯೇ ಅವರ ಬದುಕು. 2013ರ ನವೆಂಬರಿನಲ್ಲಿ ಅಲ್ಲಿ ಹಿಮದ ಮೇಲೆ ಮಳೆ ಸುರಿಯಿತು, ಬೆನ್ನಿಗೇ ಚಳಿ ಬಿಗಿಯಿತು. ನೆಲ ಗಟ್ಟಿ ಮಂಜುಗಡ್ಡೆಯಾಯಿತು. ಗೊರಸಿನಿಂದ ಕೆದರಿ ಕೆಳಗಿನ ಕಲ್ಲುಹೂವನ್ನು ಮೇಯುವ ಪ್ರಾಣಿಗಳಿಗೆ ಆ ಪದರ ಒಡೆಯಲಾಗಲಿಲ್ಲ. ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಹಿಂಡು ಕಳೆದುಕೊಂಡ ಕುಟುಂಬಗಳು ಮೀನುಗಾರಿಕೆಗೆ ಇಳಿದವು. ಬ್ಯಾರೆಂಟ್ಸ್, ಕಾರಾ ಸಮುದ್ರಗಳ ಹಿಮ ಕರಗಿ ತೆರೆದ ನೀರು ಹೆಚ್ಚಿದ್ದರಿಂದ ಗಾಳಿಗೆ ತೇವ ಸೇರಿ ಇಂಥ ಮಳೆಯಾಗುತ್ತದೆ ಎಂಬುದು ಸಂಶೋಧಕರ ವಿವರಣೆ.

ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಾರ್ವೆಯವರೊಂದಿಗೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಸಮುದ್ರವನ್ನು ನಮ್ಮ ಮುಂಗಾರಿಗೆ ಜೋಡಿಸುತ್ತದೆ. ಬೇಸಿಗೆಯಲ್ಲಿ ಕಾರಾ ಹಿಮ ತಗ್ಗಿದರೆ ವಾಯವ್ಯ ಯುರೋಪಿನ ಮೇಲ್ಗಾಳಿಯ ಹರಿವು ಬದಲಾಗುತ್ತದೆ. ಅದರಿಂದೇಳುವ ವಾಯುಮಂಡಲದ ಅಲೆ ಏಷ್ಯಾದವರೆಗೆ ಸಾಗಿ, ಬೆಚ್ಚಗಿನ ಅರಬ್ಬಿ ಸಮುದ್ರದ ತೇವ ಜೊತೆಗೂಡಿದಾಗ ಸೆಪ್ಟೆಂಬರಿನಲ್ಲಿ ಮಧ್ಯಭಾರತದ ಮೇಲೆ ವಿಪರೀತ ಮಳೆಗೆ ದಾರಿಯಾಗುತ್ತದೆ.

ಇಲ್ಲಿ ಎಚ್ಚರ ಬೇಕು. ಆ ಅಧ್ಯಯನ ಒಂದು ಸಾಧ್ಯ ಸಂಬಂಧವನ್ನು ತೋರಿಸುತ್ತದೆ, ಅಷ್ಟೆ. ಹೈದರಾಬಾದನ್ನೇ ಕುರಿತದ್ದೂ ಅಲ್ಲ. ನಗರದಲ್ಲಿ 2020ರ ಅಕ್ಟೋಬರಿನಲ್ಲಿ ಬಂದ ನೆರೆಯನ್ನು ಅದಕ್ಕೆ ಸಾಕ್ಷಿಯಾಗಿ ಎಳೆಯುವುದು ತಪ್ಪು. ಆ ಮಳೆ ತಂದದ್ದು ಬಂಗಾಳಕೊಲ್ಲಿಯ ವಾಯುಭಾರ ಕುಸಿತ. 1908ರ ಮಳೆಯಂತೂ ಆರ್ಕ್‌ಟಿಕ್ ಹಿಮದ ಈ ಕುಸಿತಕ್ಕೆ ಎಷ್ಟೋ ದಶಕ ಮೊದಲಿನದು. ಮೂಸಿಗೆ ಉಕ್ಕಲು ಧ್ರುವದ ನೆರವು ಬೇಕಿಲ್ಲ.

ಆದರೂ ಸೆಪ್ಟೆಂಬರ್ ಎಂಬ ಸೂಚನೆಯನ್ನು ನಾನು ಹಗುರವಾಗಿ ಕಾಣಲಾರೆ. ಜೂನಿನ ದೊಡ್ಡ ಮಳೆಯನ್ನು ಒಣನೆಲ, ಖಾಲಿ ಕೆರೆ ಹೀರಿಕೊಳ್ಳುತ್ತವೆ. ಮುಂಗಾರಿನ ಕೊನೆಗೆ ನೆಲ ನೆನೆದಿರುತ್ತದೆ, ಜಲಾಶಯಗಳಲ್ಲಿ ಹೆಚ್ಚು ಜಾಗ ಉಳಿದಿರುವುದಿಲ್ಲ. ಗೇಟು ತೆರೆದರೆ ನೀರು ಚಾದರ್‌ಘಾಟ್‌, ಮೂಸಾರಾಂಬಾಗ್‌ಗಳತ್ತಲೇ ಬರಬೇಕು. ಹಾಗಾಗಿ ವರ್ಷದ ಒಟ್ಟು ಮಳೆಯನ್ನು ಬದಿಗಿಟ್ಟು, ಹೈದರಾಬಾದಿನ ಬೇಗಂಪೇಟೆ ಹವಾಮಾನ ಕೇಂದ್ರದ ಸೆಪ್ಟೆಂಬರ್ ದಿನವಹಿ ಮಳೆ ದಾಖಲೆಗಳನ್ನು ಕಾರಾ ಸಮುದ್ರದ ಹಿಮದ ಅಂಕಿಗಳೊಂದಿಗೆ ವರ್ಷವರ್ಷವೂ ಹೋಲಿಸಿ ನೋಡುವುದು ಮುಂದಿನ ಕೆಲಸ.