ಅಂಗವಿಕಲ ಕೋಳಿಗಳ ಆರೈಕೆ: ನೆರವು ಮತ್ತು ಮಾಹಿತಿ ಪಡೆಯುವ ಬಗೆ
(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ರೈತರಿಗಾಗಿ)

ಹಿತ್ತಲಲ್ಲಿ ಹತ್ತಿಪ್ಪತ್ತು ಜವಾರಿ ಕೋಳಿಗಳನ್ನು ಸಾಕುವ ಕುಟುಂಬಕ್ಕೆ ಒಂದು ಮೊಟ್ಟೆಯಿಡುವ ಹೇಂಟೆ ಕಾಲು ಕಳೆದುಕೊಂಡರೂ ಅದು ನಷ್ಟವೇ. ಸಂತೆಯ ಖರ್ಚು, ಮಕ್ಕಳ ಆಹಾರ, ಮುಂದಿನ ಮರಿಗಳು ಆ ಕೋಳಿಯನ್ನೇ ಅವಲಂಬಿಸಿರುತ್ತವೆ. ಆದರೆ ಕುಂಟುವ ಅಥವಾ ಏಳಲಾರದ ಕೋಳಿಯನ್ನು ಕಂಡೊಡನೆ ಕೊಯ್ಯುವುದು ಇಲ್ಲವೇ ಮಾರಿಬಿಡುವುದು ವಾಡಿಕೆ. ಇದರಿಂದ ಎರಡು ಬಗೆಯ ಹಾನಿ ಸಂಭವಿಸುತ್ತದೆ. ಗುಣವಾಗಬಹುದಾಗಿದ್ದ ಕೋಳಿ ಕೈತಪ್ಪುತ್ತದೆ. ಕುಂಟುವಿಕೆಗೆ ಸಾಂಕ್ರಾಮಿಕ ರೋಗ ಕಾರಣವಾಗಿದ್ದಲ್ಲಿ ಆ ರೋಗ ಸಂತೆಯ ಮೂಲಕ ಹತ್ತಾರು ಊರುಗಳನ್ನು ಸೇರುತ್ತದೆ. ಆದುದರಿಂದ ಕಾರಣವನ್ನು ಮೊದಲು ಗುರುತಿಸಿ, ಸರಿಯಾದ ಸ್ಥಳದಲ್ಲಿ ಸರಿಯಾದ ವಿವರಗಳೊಂದಿಗೆ ನೆರವು ಕೇಳುವುದು ಅತ್ಯಗತ್ಯ.

1. ಮೊದಲು ಎಣಿಸಿರಿ

ತೊಂದರೆ ಒಂದೇ ಕೋಳಿಗೆ ಬಂದಿದೆಯೇ, ಹಲವಕ್ಕೆ ಬಂದಿದೆಯೇ ಎಂಬುದನ್ನು ನೋಡಿರಿ. ಒಂದೇ ಕೋಳಿ ಕುಂಟುತ್ತಿದ್ದು, ಮೇವು ತಿನ್ನುತ್ತ ಚುರುಕಾಗಿದ್ದರೆ ಪೆಟ್ಟು, ಪಾದದ ಗಾಯ ಅಥವಾ ಹುಟ್ಟಿನ ದೋಷ ಇರುವ ಸಂಭವ ಹೆಚ್ಚು. ಇಂತಹ ಕೋಳಿಯನ್ನು ಮನೆಯಲ್ಲಿಯೇ ಆರೈಕೆ ಮಾಡಬಹುದು.

ಎರಡು ಮೂರು ದಿನಗಳಲ್ಲಿ ಹಲವು ಕೋಳಿಗಳು ಕಾಲು ಎಳೆಯತೊಡಗಿದರೆ, ಕುತ್ತಿಗೆ ತಿರುಚಿಕೊಂಡರೆ, ಹಸಿರು ಭೇದಿ, ಉಸಿರಾಟದ ತೊಂದರೆ ಅಥವಾ ಸಾವು ಕಂಡುಬಂದರೆ ಅದನ್ನು ಸಾಂಕ್ರಾಮಿಕ ರೋಗವೆಂದೇ ಭಾವಿಸಿ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿರಿ. ಒಮ್ಮೆಲೇ ಅನೇಕ ಕೋಳಿಗಳು ಸತ್ತರೆ ಹಕ್ಕಿಜ್ವರದ ಶಂಕೆಯೂ ಇರುವುದರಿಂದ ಸತ್ತ ಕೋಳಿಗಳನ್ನು ಬರಿಗೈಯಿಂದ ಮುಟ್ಟಬಾರದು, ಸಾಗಿಸಬಾರದು, ಹಳ್ಳಕ್ಕೆ ಎಸೆಯಬಾರದು. ಈ ತಾಲ್ಲೂಕುಗಳಿಗೆ ನೆರೆಯ ಮಹಾರಾಷ್ಟ್ರದ ಹಳ್ಳಿಗಳೊಡನೆ ಸಂತೆಯ ಒಡನಾಟವಿರುವುದರಿಂದ ಈ ಎಚ್ಚರಿಕೆ ಇನ್ನೂ ಮುಖ್ಯ.

2. ವಯಸ್ಸು ಮತ್ತು ಲಕ್ಷಣಗಳಿಂದ ಕಾರಣ ಗುರುತಿಸುವುದು

• ಮೊದಲ ವಾರ: ಮರಿಯ ಕಾಲುಗಳು ಎರಡೂ ಬದಿಗೆ ಜಾರಿ ಅಗಲವಾಗುತ್ತವೆ. ಕಾಗದ, ಪ್ಲಾಸ್ಟಿಕ್ ಮುಂತಾದ ನುಣುಪು ಹಾಸು ಇದಕ್ಕೆ ಸಾಮಾನ್ಯ ಕಾರಣ.
• ಒಂದರಿಂದ ಮೂರು ವಾರ: ಬೆರಳುಗಳು ಒಳಕ್ಕೆ ಸುರುಳಿಯಾಗಿ ಮರಿ ಗಿಣ್ಣಿನ ಮೇಲೆ ಕೂರುತ್ತದೆ. ಇದು ರೈಬೋಫ್ಲೇವಿನ್ (ಬಿ2 ಜೀವಸತ್ವ) ಕೊರತೆಯ ಲಕ್ಷಣ.
• ಬೆಳೆಯುವ ಮರಿಗಳು: ಕಾಲಿನ ಹಿಂಬದಿಯ ಗಿಣ್ಣು ಊದಿ, ಸ್ನಾಯುರಜ್ಜು ಪಕ್ಕಕ್ಕೆ ಸರಿದು ಕಾಲು ಹೊರಳಿದರೆ ಮ್ಯಾಂಗನೀಸ್ ಅಥವಾ ಕೋಲಿನ್ ಕೊರತೆಯನ್ನು ಶಂಕಿಸಬೇಕು. ಮೂಳೆ ಮೆತ್ತಗಾಗಿ ಬಾಗಿದರೆ ಸುಣ್ಣದಂಶ, ರಂಜಕ ಅಥವಾ ಡಿ ಜೀವಸತ್ವದ ಕೊರತೆ ಇರಬಹುದು.
• ಆರು ವಾರಗಳ ನಂತರ: ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಕೋಳಿ ಮಲಗಿದರೆ ಮಾರೆಕ್ಸ್ ರೋಗದ ಶಂಕೆ ಬಲವಾಗುತ್ತದೆ. ಇದು ವೈರಾಣು ರೋಗ. ಇದಕ್ಕೆ ಚಿಕಿತ್ಸೆ ಇಲ್ಲ. ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಮರಿ ಉತ್ಪಾದನಾ ಕೇಂದ್ರದಲ್ಲಿ ಹಾಕಬೇಕು.
• ಯಾವುದೇ ವಯಸ್ಸು: ಕುತ್ತಿಗೆ ತಿರುಚುವುದು, ರೆಕ್ಕೆ ಜೋಲು ಬೀಳುವುದು, ಪಾರ್ಶ್ವವಾಯು ಇವು ಕೊಕ್ಕರೆ ರೋಗದ ಲಕ್ಷಣಗಳು. ರೋಗದಿಂದ ಉಳಿದ ಕೆಲವು ಕೋಳಿಗಳಲ್ಲಿ ಕುತ್ತಿಗೆಯ ತಿರುಚು ಹಾಗೆಯೇ ಉಳಿಯುವುದುಂಟು.
• ಕುತ್ತಿಗೆ ಸಡಿಲವಾಗಿ ನೆಲಕ್ಕೆ ಒರಗುವುದು: ಕೊಳೆತ ಮಾಂಸ, ಹುಳುಬಿದ್ದ ಕಸ ತಿಂದುದರಿಂದ ಆಗುವ ವಿಷಬಾಧೆ ಇರಬಹುದು.
• ದೊಡ್ಡ ಕೋಳಿಗಳು: ಪಾದದಡಿ ಗಂಟು, ಕಪ್ಪು ಹಕ್ಕಳೆ ಇದ್ದರೆ ಪಾದದ ಕೀವುಗಾಯ. ಕಾಲಿನ ಪೊರೆಗಳು ಎದ್ದು ಬಿಳಿಯ ಹುಡಿಯಂತಾದರೆ ಕಾಲಿನ ಕಜ್ಜಿನುಸಿ.

3. ಏಳಲಾರದ ಕೋಳಿಯ ದಿನನಿತ್ಯದ ಆರೈಕೆ

ಕೋಳಿಯನ್ನು ಕೂಡಲೇ ಗುಂಪಿನಿಂದ ಬೇರ್ಪಡಿಸಿರಿ. ಇಲ್ಲವಾದರೆ ಉಳಿದ ಕೋಳಿಗಳು ಅದನ್ನು ಕುಕ್ಕಿ ಗಾಯಗೊಳಿಸುತ್ತವೆ. ರೋಗದ ಶಂಕೆ ಇಲ್ಲದಿದ್ದಲ್ಲಿ ಬುಟ್ಟಿಯನ್ನು ಉಳಿದ ಕೋಳಿಗಳು ಕಾಣುವಂತೆ ಇಡಿರಿ. ಒಂಟಿಯಾದ ಕೋಳಿ ಮೇವು ಬಿಡುವುದು ಬೇಗ.

ಎರಡು ಮೂರು ಅಂಗುಲ ದಪ್ಪಕ್ಕೆ ಒಣಗಿದ ಶೇಂಗಾ ಸಿಪ್ಪೆ ಅಥವಾ ಭತ್ತದ ಹೊಟ್ಟು ಹಾಸಿ, ಒದ್ದೆಯಾದ ಭಾಗವನ್ನು ದಿನವೂ ಬದಲಿಸಿರಿ. ಒಂದೇ ಮಗ್ಗುಲಿಗೆ ಮಲಗಿದ ಕೋಳಿಯ ಎದೆಮೂಳೆಯ ಮೇಲೆ ಹುಣ್ಣಾಗುತ್ತದೆ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಬಾರಿ ಮಗ್ಗುಲು ಬದಲಿಸಿ, ಎದೆ ಮತ್ತು ಗಿಣ್ಣುಗಳನ್ನು ಪರೀಕ್ಷಿಸಿರಿ. ಗುದದ ಸುತ್ತ ಅಂಟಿದ ಹಿಕ್ಕೆಯನ್ನು ಉಗುರುಬೆಚ್ಚನೆಯ ನೀರಿನಿಂದ ತೊಳೆದು ಒರೆಸಿರಿ. ಮಳೆಗಾಲದಲ್ಲಿ ಅಲ್ಲಿ ನೊಣ ಕುಳಿತು ಹುಳು ಬೀಳುತ್ತದೆ.

ನೀರು ಮತ್ತು ಮೇವು ಕೊಕ್ಕಿಗೆ ಎಟಕುವಂತಿರಲಿ. ಪಾತ್ರೆ ಆಳವಿಲ್ಲದ್ದಾಗಿರಲಿ, ಬಲಹೀನ ಕೋಳಿ ಆಳದ ಪಾತ್ರೆಯಲ್ಲಿ ಮುಳುಗಬಹುದು. ಬಾಯಿಗೆ ಬಲವಂತವಾಗಿ ನೀರು ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಕೊಕ್ಕಿನ ಬದಿಗೆ ಹನಿಹನಿಯಾಗಿ ತಾಗಿಸಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಡೆಯಲಾರದ ಕೋಳಿ ತಾನಾಗಿ ನೆರಳಿಗೆ ಹೋಗಲಾರದು. ಬುಟ್ಟಿಯನ್ನು ಗಾಳಿಯಾಡುವ ನೆರಳಿನಲ್ಲಿಟ್ಟು, ಬಿಸಿಲು ಬೀಳುವ ಬದಿಗೆ ಒದ್ದೆ ಗೋಣಿತಾಟು ಇಳಿಬಿಡಿರಿ.

ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಿರಿ. ತೂಕ ನಿಂತಿದ್ದರೆ ಅಥವಾ ಏರುತ್ತಿದ್ದರೆ ಆರೈಕೆ ಫಲಿಸುತ್ತಿದೆ ಎಂದು ತಿಳಿಯಬಹುದು.

4. ತೊಂದರೆಗೆ ತಕ್ಕ ಉಪಚಾರ

ಅಗಲಗಾಲು ಮರಿ: ಗೋಣಿತಾಟಿನಂತಹ ಒರಟು ಹಾಸಿನ ಮೇಲಿಟ್ಟು, ಎರಡೂ ಕಾಲುಗಳನ್ನು ಸಹಜ ಅಂತರದಲ್ಲಿ ಇರುವಂತೆ ಮೆತ್ತನೆಯ ಅಂಟುಪಟ್ಟಿಯಿಂದ ಜೋಡಿಸಿರಿ. ಹುಟ್ಟಿದ ಮೊದಲ ದಿನಗಳಲ್ಲಿ ಮಾಡಿದರೆ ಮೂರರಿಂದ ಐದು ದಿನಗಳಲ್ಲಿ ಬಹುತೇಕ ಸರಿಯಾಗುತ್ತದೆ. ಕಾಲು ಊದಿದರೆ ಪಟ್ಟಿ ಸಡಿಲಿಸಿರಿ.

ಮೂಳೆ ಮುರಿತ: ಗಿಣ್ಣಿನ ಕೆಳಗೆ ಮುರಿದಿದ್ದರೆ ಹತ್ತಿ ಸುತ್ತಿ ಹಗುರವಾದ ಆಧಾರ ಕಟ್ಟಿ ಪಶುವೈದ್ಯರಿಗೆ ತೋರಿಸಿರಿ. ಮೂಳೆ ಕೂಡಲು ಸಾಮಾನ್ಯವಾಗಿ ಮೂರು ವಾರ ಬೇಕು. ತೊಡೆಯ ಮುರಿತ, ಚರ್ಮ ಸೀಳಿ ಹೊರಬಂದ ಮೂಳೆ ಮನೆಮದ್ದಿಗೆ ಸಲ್ಲವು.

ಪಾದದ ಕೀವುಗಾಯ: ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ನೆನೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಕಟ್ಟಿರಿ. ಒಳಗೆ ಗಟ್ಟಿ ತಿರುಳಿದ್ದರೆ ಪಶುವೈದ್ಯರೇ ತೆಗೆಯಬೇಕು. ಕೂರುವ ಅಡ್ಡಗೋಲನ್ನು ತಗ್ಗಿಸಿ, ಅದರ ಚೂಪು ಅಂಚನ್ನು ಹೆರೆಯಿರಿ. 1989ರಲ್ಲಿ ಬೆಂಗಳೂರಿನಿಂದ ಬಿಡುಗಡೆಯಾದ ಗಿರಿರಾಜದಂತಹ ಭಾರವಾದ ತಳಿಗಳು ಎತ್ತರದಿಂದ ಹಾರಿದಾಗ ಪಾದಕ್ಕೆ ಹೆಚ್ಚು ಪೆಟ್ಟಾಗುತ್ತದೆ.

ಕಜ್ಜಿನುಸಿ: ಸಾಬೂನು ನೀರಿನಿಂದ ಕಾಲು ತೊಳೆದು ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ದಪ್ಪವಾಗಿ ಹಚ್ಚುವುದನ್ನು ಕೆಲವು ವಾರ ಮುಂದುವರಿಸಿರಿ. ಸೀಮೆಎಣ್ಣೆ ಹಚ್ಚಬಾರದು, ಅದು ಚರ್ಮವನ್ನು ಸುಡುತ್ತದೆ.

ಕುರುಡು: ಸಿಡುಬಿನಿಂದ ಕಣ್ಣು ಹೋದ ಕೋಳಿ ಇಕ್ಕಟ್ಟಾದ ಜಾಗದಲ್ಲಿ ಬದುಕಬಲ್ಲದು. ನೀರು, ಮೇವಿನ ಪಾತ್ರೆಗಳ ಜಾಗ ಮಾತ್ರ ಎಂದೂ ಬದಲಾಗಬಾರದು.

ಮನುಷ್ಯರ ನೋವಿನ ಗುಳಿಗೆ, ಉಳಿದ ಆ್ಯಂಟಿಬಯೋಟಿಕ್‌ಗಳನ್ನು ಕೊಡಬೇಡಿ. ಪಶುವೈದ್ಯರು ಔಷಧ ಕೊಟ್ಟಾಗ, ಎಷ್ಟು ದಿನ ಮೊಟ್ಟೆ ಮತ್ತು ಮಾಂಸ ಬಳಸಬಾರದೆಂದು ಕೇಳಿ ಬರೆದುಕೊಳ್ಳಿರಿ.

5. ಮೇವಿನಿಂದ ತಡೆಗಟ್ಟುವಿಕೆ

ಜೋಳ ನಮ್ಮ ಭಾಗದ ಮುಖ್ಯ ಧಾನ್ಯ. ಆದರೆ ಬರಿಯ ಜೋಳದಲ್ಲಿ ಸುಣ್ಣದಂಶವೂ ಬಿ2 ಜೀವಸತ್ವವೂ ಸಾಲದು. ಕಟ್ಟಿಹಾಕಿ ಸಾಕುವ ಮರಿಗಳಿಗೆ ಎಂಟು ವಾರಗಳವರೆಗೆ ಸಮತೋಲನ ಮರಿ ಆಹಾರ ಕೊಡುವುದು ಲೇಸು. ನುಗ್ಗೆಸೊಪ್ಪು, ಕುದುರೆಮಸಾಲೆಯಂತಹ ಹಸಿರನ್ನು ಸಣ್ಣಗೆ ಹೆಚ್ಚಿ ಸೇರಿಸಿರಿ. ಮೊಟ್ಟೆಯಿಡುವ ಹೇಂಟೆಗಳಿಗೆ ಚಿಪ್ಪಿನ ನುಚ್ಚನ್ನು ಬೇರೆ ಪಾತ್ರೆಯಲ್ಲಿಡಿರಿ. ಮೊಟ್ಟೆಕೋಳಿಯ ಆಹಾರವನ್ನು ಮರಿಗಳಿಗೆ ಕೊಡಬಾರದು. ಅದರಲ್ಲಿನ ಅಧಿಕ ಸುಣ್ಣದಂಶ ಮೂತ್ರಪಿಂಡಕ್ಕೆ ಹಾನಿಕರ. ಬೆಳಗಿನ ಬಿಸಿಲು ಡಿ ಜೀವಸತ್ವವನ್ನು ಒದಗಿಸುತ್ತದೆ.

ಕೊಕ್ಕರೆ ರೋಗದ ವಿರುದ್ಧ 5ರಿಂದ 7ನೇ ದಿನದೊಳಗೆ ಎಫ್-1 ಅಥವಾ ಲಸೋಟ ಲಸಿಕೆಯ ಹನಿಯನ್ನೂ, 8ನೇ ವಾರದ ಸುಮಾರಿಗೆ ಆರ್2ಬಿ ಚುಚ್ಚುಮದ್ದನ್ನೂ ಪಶು ಆಸ್ಪತ್ರೆಯ ಸಲಹೆಯಂತೆ ಹಾಕಿಸಿರಿ. ಊರೂರಿಗೆ ತಂದು ಮಾರುವ ಮರಿಗಳನ್ನು ಕೊಳ್ಳುವಾಗ ಮಾರೆಕ್ಸ್ ಲಸಿಕೆ ಆಗಿದೆಯೇ ಎಂದು ವಿಚಾರಿಸಿರಿ. ಹೊಸ ಮರಿಗಳನ್ನು ಹಳೆಯ ಕೋಳಿಗಳೊಂದಿಗೆ ಕೂಡಲೇ ಬೆರೆಸಬೇಡಿ.

6. ಯಾರನ್ನು, ಯಾವುದಕ್ಕಾಗಿ ಸಂಪರ್ಕಿಸಬೇಕು

• ಪಶು ಆಸ್ಪತ್ರೆ: ರೋಗನಿರ್ಣಯ, ಚಿಕಿತ್ಸೆ, ಲಸಿಕೆ ಮತ್ತು ಸಾಮೂಹಿಕ ಸಾವಿನ ವರದಿಗೆ ಮೊದಲು ಇಲ್ಲಿಗೇ ಹೋಗಬೇಕು. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿವೆ.
• 1962: ಸಂಚಾರಿ ಪಶು ಚಿಕಿತ್ಸಾ ಸೇವೆಯ ಶುಲ್ಕರಹಿತ ಸಂಖ್ಯೆ.
• ಕಿಸಾನ್ ಕಾಲ್ ಸೆಂಟರ್, 1800-180-1551: ಆಹಾರ, ಸಾಕಾಣಿಕೆ ಕುರಿತು ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕರೆ ಮಾಡಬಹುದು.
• ಕೃಷಿ ವಿಜ್ಞಾನ ಕೇಂದ್ರಗಳು: ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿ ಕಲಬುರಗಿಯಲ್ಲಿಯೂ ಜೇವರ್ಗಿ ಕಡೆಯ ರದ್ದೇವಾಡಗಿಯಲ್ಲಿಯೂ ಕೇಂದ್ರಗಳಿವೆ. ತರಬೇತಿ, ತಳಿ ಆಯ್ಕೆ ಮತ್ತು ಆಹಾರ ಮಿಶ್ರಣದ ಮಾಹಿತಿಗೆ ಸಂಪರ್ಕಿಸಿರಿ.
• ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯ: ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವೂ ಬೀದರಿನಲ್ಲಿಯೇ ಇದೆ. ಸ್ಥಳೀಯವಾಗಿ ತಿಳಿಯದ ಪ್ರಕರಣಗಳನ್ನು ನಿಮ್ಮ ಪಶುವೈದ್ಯರ ಮೂಲಕ ಅಲ್ಲಿಗೆ ಕಳುಹಿಸಬಹುದು.
• ಪಶು ಸಖಿಯರು: ಸಂಜೀವಿನಿ ಸ್ವಸಹಾಯ ಗುಂಪುಗಳ ಪಶು ಸಖಿ ನಿಮ್ಮ ಊರಿನಲ್ಲಿದ್ದರೆ ಪ್ರಾಥಮಿಕ ಆರೈಕೆಗೂ ಆಸ್ಪತ್ರೆಯೊಂದಿಗಿನ ಸಂಪರ್ಕಕ್ಕೂ ನೆರವಾಗುತ್ತಾರೆ.

7. ನೆರವು ಕೇಳುವ ಮುನ್ನ ಬರೆದುಕೊಳ್ಳಬೇಕಾದ ವಿವರಗಳು

"ಕೋಳಿ ಕುಂಟುತ್ತಿದೆ" ಎಂಬಷ್ಟೇ ಮಾತಿನಿಂದ ದೂರವಾಣಿಯಲ್ಲಿ ಯಾರೂ ಸರಿಯಾದ ಸಲಹೆ ನೀಡಲಾರರು. ಈ ಎಂಟು ಅಂಶಗಳನ್ನು ಮೊದಲೇ ಬರೆದಿಡಿರಿ: ತಳಿ, ವಯಸ್ಸು, ಒಟ್ಟು ಕೋಳಿಗಳಲ್ಲಿ ಎಷ್ಟಕ್ಕೆ ತೊಂದರೆ, ಯಾವ ದಿನ ಆರಂಭವಾಯಿತು, ಒಂದು ಕಾಲೋ ಎರಡೂ ಕಾಲೋ, ಹಿಕ್ಕೆಯ ಬಣ್ಣ, ಏನು ಮೇವು ಕೊಡುತ್ತಿದ್ದೀರಿ, ಯಾವ ಲಸಿಕೆ ಎಂದು ಆಗಿದೆ. ನಿಂತಾಗ, ನಡೆಯುವಾಗ ಕಾಣುವಂತೆ ಅರ್ಧ ನಿಮಿಷದ ವಿಡಿಯೊ ಇದ್ದರೆ ಇನ್ನೂ ಉತ್ತಮ.

ಒಂದೆರಡು ಕೋಳಿ ಸತ್ತು, ಮರಣೋತ್ತರ ಪರೀಕ್ಷೆಗೆ ತರುವಂತೆ ಪಶುವೈದ್ಯರು ಹೇಳಿದರೆ, ಕೈಚೀಲ ಧರಿಸಿ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟು ಅದೇ ದಿನ ತಲುಪಿಸಿರಿ. ಹೆಪ್ಪುಗಟ್ಟಿಸಬಾರದು. ಆಳಂದ ಅಥವಾ ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ. ದೂರವಿದೆ, ಬೇಸಿಗೆಯಲ್ಲಿ ಮಂಜುಗಡ್ಡೆ ಇಲ್ಲದೆ ಒಯ್ದರೆ ದೇಹ ಕೊಳೆತು ಪರೀಕ್ಷೆ ವ್ಯರ್ಥವಾಗುತ್ತದೆ. ಜೀವಂತ ಕೋಳಿಯನ್ನು ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿ ಒಯ್ಯಬೇಡಿ. ಪ್ರಾಣಿಗಳಿಗೆ ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

8. ಎಲ್ಲಿಯವರೆಗೆ ಸಾಕಬೇಕು

ತಾನಾಗಿ ತಿಂದು ಕುಡಿಯುವ, ತೂಕ ಉಳಿಸಿಕೊಂಡಿರುವ ಕುಂಟು ಕೋಳಿಯನ್ನು ಸಾಕುವುದರಲ್ಲಿ ತಪ್ಪಿಲ್ಲ. ಅದು ಮೊಟ್ಟೆಯನ್ನೂ ಇಡಬಹುದು. ಆದರೆ ಹುಟ್ಟಿನಿಂದಲೇ ಕಾಲಿನ ದೋಷವಿರುವ ಕೋಳಿಯ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ. ಮಾರೆಕ್ಸ್ ಶಂಕೆಯಿರುವ ಕೋಳಿಯನ್ನು ಗುಂಪಿಗೆ ಮರಳಿಸಬೇಡಿ.

ಆರೈಕೆಯ ನಂತರವೂ ಮೇವು ಬಿಟ್ಟಿದ್ದರೆ, ಹುಣ್ಣುಗಳು ಮಾಯದಿದ್ದರೆ, ಉಸಿರಾಟಕ್ಕೂ ಕಷ್ಟಪಡುತ್ತಿದ್ದರೆ ಆ ಜೀವವನ್ನು ನರಳಿಸುವುದು ದಯೆಯಲ್ಲ. ನೋವಿಲ್ಲದ ಅಂತ್ಯದ ಬಗ್ಗೆ ಪಶುವೈದ್ಯರಲ್ಲಿ ಕೇಳಿರಿ. ರೋಗದಿಂದ ಸತ್ತ ಕೋಳಿಯನ್ನು ತಿನ್ನಬಾರದು, ಮಾರಬಾರದು, ನಾಯಿಗಳಿಗೆ ಹಾಕಬಾರದು; ಬಾವಿ ಮತ್ತು ಹಳ್ಳದಿಂದ ದೂರ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ.

ವಿಸ್ತರಣಾ ಕಾರ್ಯಕರ್ತರಿಗೆ: ಹಿತ್ತಲ ಕೋಳಿಗಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಸಲಹೆ ನೀಡುವಾಗ ಮನೆಯ ಯಜಮಾನರೊಂದಿಗೆ ಮಾತ್ರ ಮಾತನಾಡಿ ಹಿಂದಿರುಗಬೇಡಿ. ಕೋಳಿಗೆ ದಿನವೂ ಮೇವು ಹಾಕುವವರನ್ನೇ ಕೇಳಿರಿ. ಮೇಲಿನ ಎಂಟು ಪ್ರಶ್ನೆಗಳಿಗೆ ಉತ್ತರ ಅವರಲ್ಲಿರುತ್ತದೆ. ಒಂದೇ ಊರಿನ ಎರಡು ಮೂರು ಮನೆಗಳಲ್ಲಿ ಒಂದೇ ಲಕ್ಷಣ ಕಂಡರೆ ಮುಂದಿನ ಸಂತೆಯ ದಿನಕ್ಕೆ ಮುಂಚೆಯೇ ಪಶು ಆಸ್ಪತ್ರೆಗೆ ವರದಿ ಮಾಡಿ, ಆ ಊರಿನಿಂದ ಕೋಳಿ ಮಾರಾಟವನ್ನು ತಡೆಹಿಡಿಯುವಂತೆ ರೈತರಿಗೆ ತಿಳಿಹೇಳಿರಿ.