ತಟ್ಟೆಯಲ್ಲಿ ಉಳಿದ ಅನ್ನ ಯಾರದು?

ಹಾಸ್ಟೆಲ್‌ಗಳಲ್ಲಿ ಕೈ ತೊಳೆಯುವ ಜಾಗದ ಪಕ್ಕ ಒಂದು ಡ್ರಮ್ ಇರುತ್ತೆ. ಅದರಲ್ಲಿ ಅರ್ಧ ಉಂಡ ಅನ್ನ, ಕಚ್ಚಿ ಬಿಟ್ಟ ಚಪಾತಿ. ನೋಡಿದ ಹಿರಿಯರ ಬಾಯಲ್ಲಿ ಬರೋದು ಒಂದೇ ಮಾತು: "ಈಗಿನ ಹುಡುಗರಿಗೆ ಹಸಿವು ಗೊತ್ತಿಲ್ಲ." ಇರಬಹುದು. ಆದರೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಹೋಗಿದ್ದು ಮನೆಗಳಿಂದಲೇ. ಹಾಗಾಗಿ ಬೈಗುಳ ಪಕ್ಕಕ್ಕಿಟ್ಟು, ಓದುವ ಮಕ್ಕಳಿಗೆ ನಮ್ಮಲ್ಲಿ ಊಟ ಎಲ್ಲಿಂದ ಬರುತ್ತಿತ್ತು ಅಂತ ನೋಡೋಣ.

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿ ಕಡೆಯಿಂದ ಗಡಿ ದಾಟಿದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಿನ ಕೋಡಿಯಮಠದ 1162ರ ಶಾಸನ, ಅದು ವಿದ್ಯೆಯ ಸ್ಥಾನವೂ ಹೌದು, ದಿಕ್ಕಿಲ್ಲದವರಿಗೆ ಅನ್ನ ಹಾಕುವ ಸ್ಥಾನವೂ ಹೌದು ಅನ್ನುತ್ತೆ. ಇನ್ನೂ ಹಿಂದೆ ಹೋಗಿ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ರಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಒಂದು ಶಾಲೆ ಕಟ್ಟಿಸಿದ. ದೂರದಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ. ಊರಲ್ಲಿ ಮದುವೆ ಆದರೂ, ಉಪನಯನ ಆದರೂ ಶಾಲೆಗೆ ಇಷ್ಟು ಹಣ ಅಂತ ನಿಗದಿ. ಬ್ರಾಹ್ಮಣರಿಗಷ್ಟೇ ಇದ್ದ ಶಾಲೆ ಅದು, ಮರೆಯೋದು ಬೇಡ. ಆದರೆ ತನ್ನ ಊಟದ ಹಿಂದೆ ಯಾರಿದ್ದಾರೆ ಅನ್ನೋದು ಅಲ್ಲಿನ ಹುಡುಗನಿಗೆ ಕಣ್ಣೆದುರೇ ಇತ್ತು.

ಆಮೇಲೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದನ್ನು ಚಿನ್ನದ ಕಾಲ ಅಂತ ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಇನ್ನೊಂದು ಸೌಟು ಕೇಳೋಕೂ ಸಂಕೋಚಪಡುತ್ತಿದ್ದ ಹುಡುಗ ಅಗುಳು ಬಿಡದೆ ತಿಂದದ್ದು ಸಂಸ್ಕಾರ ಅಲ್ಲ, ಅಂಜಿಕೆ. ಆ ಬಾಗಿಲೂ ಎಲ್ಲ ಜಾತಿಯವರಿಗೆ ತೆರೆದಿರಲಿಲ್ಲ.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯ್ತು. ರಟ್ಟೀಹಳ್ಳಿ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹಳ್ಳಿಯಿಂದ ಓದಲು ಹೋದ ಬಡ ಹುಡುಗರಿಗೆ ಆಸರೆಯಾದದ್ದು ಮುರುಘಾಮಠದಂಥ ಮಠಗಳ ಉಚಿತ ಪ್ರಸಾದ ನಿಲಯಗಳು. ಹೆಸರು ಗಮನಿಸಿ. ಅದು ಊಟ ಅಲ್ಲ, ಪ್ರಸಾದ. ತಟ್ಟೆ ತೊಳೆದ ನೀರನ್ನೂ ಕುಡಿಯುವ ಪದ್ಧತಿ ಇರುವ ಪರಂಪರೆಯಲ್ಲಿ ಡ್ರಮ್ಮಿಗೆ ಜಾಗ ಎಲ್ಲಿ?

ಈಗ ನಮ್ಮ ಎಷ್ಟೋ ಹಾಸ್ಟೆಲ್‌ಗಳಲ್ಲಿ ಇರೋ 'ಡಿವೈಡಿಂಗ್' ಪದ್ಧತಿಗೆ ಬನ್ನಿ. ತಿಂಗಳ ಒಟ್ಟು ಖರ್ಚನ್ನು ಎಲ್ಲರಿಗೂ ಹಂಚೋದು. ಎಂಜಿನಿಯರಿಂಗ್ ಓದಿದವನಿಗೆ ಇಲ್ಲಿ ಲೆಕ್ಕ ಮಾಡದೆ ಇರೋಕಾಗಲ್ಲ. ಮೆಸ್ಸಿನಲ್ಲಿ 200 ಜನ ಇದ್ದಾರೆ ಅಂದ್ಕೊಳ್ಳಿ. ನಾನು 20 ರೂಪಾಯಿಯ ಅನ್ನ ಚೆಲ್ಲಿದರೆ ನನ್ನ ಬಿಲ್ಲಿಗೆ ಸೇರೋದು 10 ಪೈಸೆ. ಉಳಿದ 19 ರೂಪಾಯಿ 90 ಪೈಸೆ ಬೇರೆಯವರ ಅಪ್ಪ ಕಟ್ಟುತ್ತಾರೆ! ಊಟ ಬಿಟ್ಟರೂ ದುಡ್ಡು ಕಟ್ಟಲೇಬೇಕು, ಎಷ್ಟು ಬಡಿಸಬೇಕು ಅಂತ ತೀರ್ಮಾನಿಸೋದು ಸೌಟು ಹಿಡಿದವರು. ಸಾರು ರುಚಿ ಇಲ್ಲದಿದ್ದರೆ ಕೈಯಲ್ಲಿ ಮೊಬೈಲ್ ಇದೆ, ಬೇರೆ ಊಟ ತರಿಸಬಹುದು. ಇಂಥ ವ್ಯವಸ್ಥೆಯಲ್ಲಿ ಯಾವ ಕಾಲದ ಹುಡುಗನನ್ನು ಕೂರಿಸಿದರೂ ಡ್ರಮ್ ತುಂಬುತ್ತೆ.

ತಿನ್ನೋ ಪದಾರ್ಥದ ಗುಣವೂ ಇದೆ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಇಡಬಹುದು, ಮಧ್ಯಾಹ್ನದ ಅನ್ನ-ಸಾಂಬಾರು ರಾತ್ರಿಗೆ ಹಳಸುತ್ತೆ. ಉಳಿದ ರೊಟ್ಟಿ ನಾಳೆಯ ಊಟ, ಉಳಿದ ಅನ್ನ ಇವತ್ತಿನ ಕಸ.

ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದೋ ಹುಡುಗರಿಗೆ ಹಳ್ಳಿಗಳಿಂದ ಬಸ್ಸಿನಲ್ಲಿ ಬುತ್ತಿ ಬರುತ್ತೆ. ಡಬ್ಬಿಯ ಮೇಲೆ ಹೆಸರು, ಒಳಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಅವ್ವ ಬೆಳಗ್ಗೆ ಎದ್ದು ಬಡಿದ ರೊಟ್ಟಿ ಅದು. ಅವರೂ ಇದೇ ಕಾಲದ ಹುಡುಗರು, ಅವರ ಕೈಯಲ್ಲೂ ಮೊಬೈಲ್ ಇದೆ. ಸಂಜೆ ಖಾಲಿ ಡಬ್ಬಿ ಅದೇ ಬಸ್ಸಿಗೆ ವಾಪಸ್ ಹೋಗಬೇಕು, ಅದನ್ನು ಅವ್ವ ತೆರೆದು ನೋಡ್ತಾಳೆ.